ಪುಟ್ಟ ನೀರಿನ ವಸ್ತುಸಂಗ್ರಹಾಲಯ

ರಷ್ಯನ್ ಭಾಷೆಯಲ್ಲಿ ನೀರಿಗೆ 'ವದಾ' ಎನ್ನುತ್ತಾರೆ. ನಾವು ಸಂಸ್ಕೃತದಿಂದ ತಂದುಕೊಂಡು ಹಳಗನ್ನಡ ಕಾವ್ಯದಿಂದ ಹಿಡಿದು ಇಂದಿನ ಶುಭಾಶುಭ ಕರ್ಮಗಳವರೆಗೆ ಬಳಸುತ್ತ ಬಂದಿರುವ 'ಉದಕ' ಶಬ್ದವೂ ಈ 'ವದಾ' ಶಬ್ದವೂ ಒಂದೇ ಬೇರಿನಿಂದ ಒಡೆದವು. ಆ ನೀರಿಗೆ ಅಲ್ಪಾರ್ಥವನ್ನೂ ಅಕ್ಕರೆಯನ್ನೂ ಸೂಚಿಸುವ 'ಕಾ' ಎಂಬ ಪ್ರತ್ಯಯವನ್ನು ಹಚ್ಚಿದರೆ 'ವೋದ್ಕಾ' ಆಗುತ್ತದೆ. ನಮ್ಮಲ್ಲಿ ವೋಡ್ಕಾ ಎಂದು ರೂಢಿಗೆ ಬಂದಿರುವ ಪದ ಇದೇ. ಅಂದರೆ, ಪುಟ್ಟ ನೀರು. ಇನ್ನೂ ಸಲಿಗೆಯಿಂದ ಹೇಳುವುದಾದರೆ ನೀರಪ್ಪಿ ಎನ್ನಬಹುದೇನೋ! ವೋಡ್ಕಾ ಹುಟ್ಟುವುದಕ್ಕೆ ಮುನ್ನ ಆ ಜನ ಜೇನನ್ನು ಹುದುಗಿಸಿ ಕುಡಿಯುತ್ತಿದ್ದರು; ಅದರ ಹೆಸರು 'ಮ್ಯೋದ್'. ನಮ್ಮ 'ಮಧು'ವಿಗೆ ಅದು ದಾಯಾದಿ. ಕುಡಿಯುವುದಕ್ಕೆ ಅವರು ಬಳಸುವ ಧಾತು ನಮ್ಮ 'ಪಾನ'ದ ಒಡಹುಟ್ಟು. ಜೀವಮಾನವೆಲ್ಲ ಪದಗಳ ಬೆನ್ನುಹತ್ತಿ ಹೋದವನಿಗೆ ಇಂಥವು ಸಿಕ್ಕಿದರೆ ನಿಧಿ ಸಿಕ್ಕಿದಂತೆ. ಕೇಳುಗರು ಈ ಮೇಷ್ಟರ ಚಪಲವನ್ನು ಮನ್ನಿಸಬೇಕು.

ಇಷ್ಟು ಮುದ್ದಿನ ಹೆಸರನ್ನು ಹೊತ್ತ ಈ ಪಾನೀಯಕ್ಕೆಂದೇ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. 2001ರಲ್ಲಿ ಪ್ರಾರಂಭವಾದದ್ದು. ಸಂತ ಐಸಾಕನ ಮಹಾ ದೇವಾಲಯಕ್ಕೆ ಅನತಿದೂರದಲ್ಲಿ, ಹಿಂದಿನ ಚಕ್ರವರ್ತಿಗಳ ಅಶ್ವದಳದ ಹೆಸರನ್ನೇ ಹೊತ್ತಿರುವ, ಸಾಲುಮರಗಳ ಒಂದು ವಿಶಾಲವಾದ ಬೀದಿಯಲ್ಲಿ ಅದು ಇದೆ. 2019ರ ಬೇಸಿಗೆಯಲ್ಲಿ ಪ್ರವಾಸಿಗಳ ತಂಡವೊಂದರ ಜೊತೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಮದ್ಯವನ್ನು ಮುಟ್ಟದ ನನ್ನನ್ನು ಅಲ್ಲಿಗೆ ಕರೆದೊಯ್ಯುವುದರಲ್ಲಿ ಸಹಪ್ರವಾಸಿಗಳಿಗೆ ಸ್ವಲ್ಪ ತಮಾಷೆಯೂ ಇತ್ತು. ಆದರೆ ಅವರು ಕೊನೆಯ ಕೋಣೆಯ ಕಡೆಗೆ ಕಣ್ಣಿಟ್ಟು ಬೇಗಬೇಗ ನಡೆದುಬಿಟ್ಟರು. ಮೊದಲಿನ ಕೋಣೆಗಳನ್ನು ನಿಧಾನವಾಗಿ ನೋಡಿದವನು ನಾನೊಬ್ಬನೇ ಎಂದು ಕಾಣುತ್ತದೆ.

ವಸ್ತುಸಂಗ್ರಹಾಲಯ ದೊಡ್ಡದಲ್ಲ. ಧಾನ್ಯದ ಮಡ್ಡಿಯಿಂದ ಮದ್ಯವನ್ನು ಬಟ್ಟಿ ಇಳಿಸುವ ವಿದ್ಯೆ ಹದಿನೈದನೆಯ ಶತಮಾನದ ಸುಮಾರಿಗೆ ರಷ್ಯಕ್ಕೆ ಬಂದಿತೆಂದೂ, ಮಾಸ್ಕೋವಿನ ಕೋಟೆಯೊಳಗಿನ ಮಠವೊಂದರಲ್ಲಿದ್ದ ಇಸಿದೋರ್ ಎಂಬ ಸನ್ಯಾಸಿ ಅದನ್ನು ಮೊದಲು ಇಳಿಸಿದನೆಂದೂ ಒಂದು ಐತಿಹ್ಯವಿದೆ. ಕಥೆ ಚೆನ್ನಾಗಿದೆ, ಇತಿಹಾಸವೆಂದು ನಂಬಬೇಕಾಗಿಲ್ಲ. ಬಹುಕಾಲದವರೆಗೆ ಅದನ್ನು ಜನ ಕರೆಯುತ್ತಿದ್ದುದು 'ರೊಟ್ಟಿಯ ಮದ್ಯ' ಎಂದು. ಅವರು ಕಪ್ಪು ರೊಟ್ಟಿಗೆ ಬಳಸುವ ರೈ ಎಂಬ ಧಾನ್ಯದಿಂದಲೇ ಇದನ್ನೂ ತೆಗೆಯುತ್ತಿದ್ದುದರಿಂದ ಆ ಹೆಸರು. ಹಸಿವಿಗೂ ಅಮಲಿಗೂ ಒಂದೇ ಕಾಳು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಟಾಲ್‌ಸ್ಟಾಯ್ 1886ರಲ್ಲಿ ಬರೆದ 'ಮೊದಲ ಭಟ್ಟಿಗಾರ' ಎಂಬ ನಾಟಕದ ತಿರುಳು ತಾನಾಗಿ ಅರ್ಥವಾಗುತ್ತದೆ. ಅಲ್ಲಿ ಪಿಶಾಚಿಯ ಮರಿಯೊಂದು ಬಡ ರೈತನನ್ನು ಏನು ಮಾಡಿದರೂ ಕೆಡಿಸಲಾರದೆ ಹೋಗಿ, ಕಡೆಗೆ ಅವನ ಕಣಜದಲ್ಲಿ ಉಣ್ಣುವುದಕ್ಕಿಂತ ಹೆಚ್ಚು ಕಾಳು ಸೇರುವಂತೆ ಮಾಡುತ್ತದೆ. ಮಿಕ್ಕ ಕಾಳನ್ನು ಏನು ಮಾಡಬೇಕೆಂದು ಆಮೇಲೆ ಹೇಳಿಕೊಡುತ್ತದೆ, ಅಷ್ಟೆ.

ಪಾತ್ರೆಗಳ ಸಾಲು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ತಾಮ್ರದ ಅಳತೆಗಳು, ಹಸಿರು ಗಾಜಿನ ಚೌಕನೆಯ ಸೀಸೆಗಳು, ಹೆಬ್ಬೆರಳಷ್ಟು ಬಟ್ಟಲುಗಳು. ನಮ್ಮಲ್ಲಿ ಕೊಳಗ, ಬಳ್ಳ, ಸೇರು, ಪಾವು, ಚಟಾಕುಗಳಿದ್ದಂತೆ ಅವರಲ್ಲಿ ವೋಡ್ಕಾಕ್ಕೆಂದೇ ಒಂದು ಅಳತೆಯ ಕುಟುಂಬವಿತ್ತು. 'ವೆದ್ರೋ' ಎಂದರೆ ಬಕೆಟ್ಟು, 12 ಲೀಟರಿಗೆ ತುಸು ಹೆಚ್ಚು. ಅದರಲ್ಲಿ ನೂರನೆಯ ಒಂದು ಭಾಗ 'ಚಾರ್ಕಾ'. ಇನ್ನೂರನೆಯ ಭಾಗದ ಪುಟಾಣಿ ಸೀಸೆಗೆ ಜನ ಇಟ್ಟ ಹೆಸರು 'ಮೆರ್ಜಾವ್ಚಿಕ್' ಎಂದು. 'ಪುಟ್ಟ ಲಫಂಗ' ಎಂದರೆ ಸರಿಹೋದೀತು. ಕಿಸೆಯಲ್ಲಿ ಅಡಗಿಕೊಂಡು ಮನೆಯೊಳಗೆ ನುಸುಳುವವನಿಗೆ ಇನ್ನಾವ ಹೆಸರು ಒಪ್ಪುತ್ತದೆ? ಶತಮಾನಗಳ ಸಂಸಾರದ ಅನುಭವವೆಲ್ಲ ಆ ಒಂದು ಪದದಲ್ಲಿ ಇದೆ ಎಂದು ನನಗೆ ತೋರಿತು.

ವೋಡ್ಕಾದ ಮಾತು ಬಂದಲ್ಲಿ ರಸಾಯನಶಾಸ್ತ್ರಜ್ಞ ಮೆಂಡಲೀವನ ಹೆಸರು ಬಾರದೆ ಇರುವುದಿಲ್ಲ. ನೂರಕ್ಕೆ ನಲವತ್ತು ಭಾಗ ಮದ್ಯಸಾರವಿರಬೇಕೆಂಬ ಸೂತ್ರವನ್ನು ಅವನೇ ಕಂಡುಹಿಡಿದನೆಂದು ರಷ್ಯನ್ನರು ಹೆಮ್ಮೆಯಿಂದ ಹೇಳುವುದುಂಟು. 1865ರಲ್ಲಿ ಅವನು ಮಂಡಿಸಿದ ಡಾಕ್ಟರೇಟ್ ಪ್ರಬಂಧದ ವಿಷಯ ಮದ್ಯಸಾರ ಮತ್ತು ನೀರಿನ ಸಂಯೋಗ ಎಂಬುದು ದಿಟ. ಆದರೆ ಅದು ದ್ರಾವಣಗಳ ಸಾಂದ್ರತೆಯನ್ನು ಕುರಿತದ್ದೇ ಹೊರತು ವೋಡ್ಕಾವನ್ನು ಕುರಿತದ್ದಲ್ಲ. ನಲವತ್ತರ ಕಥೆ ಇನ್ನೂ ಸರಳ. ಹಿಂದೆ ಮದ್ಯದ ಶಕ್ತಿಯನ್ನು ಅಳೆಯಲು ಅದನ್ನು ಕಾಯಿಸಿ ಬೆಂಕಿ ಹಚ್ಚುತ್ತಿದ್ದರು. ಉರಿದು ಅರ್ಧ ಉಳಿದರೆ ಸರಿಯಾದ ಸರಕು. ಅದಕ್ಕೆ 'ಅರೆಯುರಿ' ಎಂಬ ಅರ್ಥದ ಹೆಸರೇ ಇತ್ತು. ಹಾಗೆ ದೊರೆಯುತ್ತಿದ್ದುದು ಸುಮಾರು ಮೂವತ್ತೆಂಟು ಭಾಗ. ತೆರಿಗೆಯ ಲೆಕ್ಕ ಹಾಕುವ ಗುಮಾಸ್ತರ ಅನುಕೂಲಕ್ಕಾಗಿ ಅದು ನಲವತ್ತಕ್ಕೆ ಏರಿತು. ವಿಜ್ಞಾನಿಗೆ ಸಲ್ಲುವ ಕೀರ್ತಿ ನಿಜವಾಗಿ ಕಂದಾಯ ಇಲಾಖೆಗೆ ಸಲ್ಲಬೇಕು.

ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದೂ ಈ ಕಂದಾಯದ ವಿಷಯವನ್ನೇ. ಹದಿನಾರನೆಯ ಶತಮಾನದ ನಡುವಿನಲ್ಲಿ ಭಯಂಕರ ಇವಾನನ ಆಳ್ವಿಕೆಯಲ್ಲಿ ಅರಸನ ಹೆಸರಿನ ಪಾನಗೃಹಗಳು ಹುಟ್ಟಿಕೊಂಡವು. ಅವುಗಳಿಗೆ 'ಕಬಾಕ್' ಎಂದು ಹೆಸರು. ಅದಕ್ಕೆ ಮುಂಚೆ ಊರಿನ ಛತ್ರಗಳಲ್ಲಿ ಊಟವೂ ಇತ್ತು, ಪಾನವೂ ಇತ್ತು. ಕಬಾಕಿನಲ್ಲಿ ಪಾನ ಮಾತ್ರ. ಅದನ್ನು ನಡೆಸುವವನು ಖಜಾನೆಗೆ ಮೋಸ ಮಾಡುವುದಿಲ್ಲವೆಂದು ಶಿಲುಬೆಗೆ ಮುತ್ತಿಟ್ಟು ಪ್ರಮಾಣ ಮಾಡಬೇಕಾಗಿತ್ತು. ಆದ್ದರಿಂದ ಅವನ ಹುದ್ದೆಯ ಹೆಸರೇ 'ಮುತ್ತಿಟ್ಟವನು' ಎಂದಾಯಿತು. ಅವನ ನಿಷ್ಠೆ ಕುಡಿಯುವವನ ಕಡೆಗಲ್ಲ, ಲೆಕ್ಕದ ಪುಸ್ತಕದ ಕಡೆಗೆ. ಮಹಾ ಪೀಟರನು 1714ರಲ್ಲಿ ಕುಡುಕರ ಕೊರಳಿಗೆ ಹಾಕಲೆಂದು ಏಳು ಕಿಲೋಗ್ರಾಂ ತೂಗುವ ಎರಕದ ಕಬ್ಬಿಣದ ಪದಕವನ್ನು ಮಾಡಿಸಿದನೆಂದು ಹೇಳುತ್ತಾರೆ. ಖಜಾನೆ ಕುಡಿಸುತ್ತಿತ್ತು, ಅರಸ ಪದಕ ತೊಡಿಸುತ್ತಿದ್ದ.

ಹದಿನೆಂಟನೆಯ ಶತಮಾನದ ಹೊತ್ತಿಗೆ ಈ ವ್ಯವಹಾರ ಗುತ್ತಿಗೆದಾರರ ಕೈಗೆ ಹೋಯಿತು. ಸಾರಾಯಿ ಹರಾಜನ್ನು 2007ರವರೆಗೆ ಕಂಡಿದ್ದ ನಮ್ಮ ನಾಡಿನವರಿಗೆ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರಕ್ಕೆ ಇಂತಿಷ್ಟು ಹಣ ಕಟ್ಟಿ, ಒಂದು ಪ್ರದೇಶದ ದಾಹವನ್ನೆಲ್ಲ ಕೊಂಡುಕೊಳ್ಳುವುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರಷ್ಯದ ಬೊಕ್ಕಸದ ಆದಾಯದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಹೀಗೆ ಬರುತ್ತಿತ್ತು. ಗುತ್ತಿಗೆದಾರರು ಬಕೆಟ್ಟಿಗೆ ಮೂರು ರೂಬಲ್ ಎಂದು ನಿಗದಿಯಾಗಿದ್ದ ಸರಕಿಗೆ ಅದರ ಎರಡರಷ್ಟು, ಮೂರರಷ್ಟು ವಸೂಲು ಮಾಡುತ್ತಿದ್ದರು. ಸಾಲದ್ದಕ್ಕೆ ನೀರನ್ನೂ ಬೆರೆಸುತ್ತಿದ್ದರು.

ಆಗ ಒಂದು ವಿಚಿತ್ರ ನಡೆಯಿತು. 1858ರಲ್ಲಿ ಮೊದಲು ಲಿಥುವೇನಿಯದ ಕಡೆಯ ಹಳ್ಳಿಗಳಲ್ಲಿ, ಅಲ್ಲಿನ ಕ್ಯಾಥೊಲಿಕ್ ಬಿಷಪ್ ವಲಾನ್ಚ್ಯುಸ್ ಅವರ ಪ್ರೇರಣೆಯಿಂದ, ಜನ ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿದರು. ಮರುವರ್ಷ ಅದು ರಷ್ಯದ ಒಳನಾಡಿಗೆ ಹಬ್ಬಿತು. ಅಲ್ಲಿ ಯಾವ ನಾಯಕನೂ ಇರಲಿಲ್ಲ. ಊರಿನವರು ಸಭೆ ಸೇರುವುದು, ಕಬಾಕಿಗೆ ಕಾಲಿಡುವುದಿಲ್ಲವೆಂದು ಒಮ್ಮತದಿಂದ ತೀರ್ಮಾನಿಸುವುದು, ತಪ್ಪಿದವನಿಗೆ ದಂಡ, ಛಡಿ ಏಟು. ಅವರಲ್ಲಿ ಬಹುಮಂದಿ ಜೀತದ ಆಳುಗಳು ಎಂಬುದನ್ನು ನೆನಪಿಡಬೇಕು. ರಷ್ಯದಲ್ಲಿ ಜೀತ ರದ್ದಾದದ್ದು 1861ರಲ್ಲಿ. ಅವರ ಹೊಲ ಅವರದಲ್ಲ, ದುಡಿಮೆ ಅವರದಲ್ಲ, ಒಡೆಯನ ಅಪ್ಪಣೆಯಿಲ್ಲದೆ ಮದುವೆಯೂ ಅವರದಲ್ಲ. 'ಬೇಡ' ಎಂಬ ಒಂದು ಮಾತು ಮಾತ್ರ ಅವರದಾಗಿ ಉಳಿದಿತ್ತು. ಅದನ್ನು ಅವರು ಆಡಿದರು.

ಗುತ್ತಿಗೆದಾರರು ಬೆದರಿ ಬೆಲೆ ಇಳಿಸಿದರು. ಕೆಲವೆಡೆ ಪುಕ್ಕಟೆಯಾಗಿ ಹೊಯ್ದು ಕರೆದರು. ಜನ ಬರಲಿಲ್ಲ. ಆಗ ಸರ್ಕಾರ ಯಾರ ಪಕ್ಷ ವಹಿಸಿತು? ಹಣಕಾಸಿನ ಇಲಾಖೆಯಿಂದ ಆಜ್ಞೆ ಹೊರಟಿತು: ಮದ್ಯತ್ಯಾಗದ ಇಂಥ ತೀರ್ಮಾನಗಳನ್ನು ರದ್ದುಪಡಿಸತಕ್ಕದ್ದು, ಮುಂದೆ ಅವಕ್ಕೆ ಅವಕಾಶ ಕೊಡಕೂಡದು. ಕುಡಿಯದೆ ಇರುವುದು ಕಾನೂನಿಗೆ ವಿರುದ್ಧವಾದ ಒಂದು ಕ್ಷಣ ಮನುಷ್ಯನ ಚರಿತ್ರೆಯಲ್ಲಿ ಬಂದುಹೋಗಿದೆ! 1859ರ ಬೇಸಿಗೆಯಲ್ಲಿ ಪೆನ್ಝಾ, ಸರಾತೋವ್ ಮೊದಲಾದ ಪ್ರಾಂತಗಳಲ್ಲಿ ಸಿಟ್ಟಿಗೆದ್ದ ರೈತರು ಕಬಾಕುಗಳನ್ನು ಒಡೆದುಹಾಕಿದರು. ದಂಡು ಬಂತು. ಗುಂಡು ಹಾರಿತು. ಹಿಡಿದವರನ್ನು ಛಡಿಯಿಂದ ಹೊಡೆಸಿ ಸೈಬೀರಿಯಕ್ಕೆ ಅಟ್ಟಿದರು. ಅದೇ ವರ್ಷ ತರುಣ ವಿಮರ್ಶಕ ದೊಬ್ರೊಲ್ಯೂಬೊವ್ ಈ ಆಂದೋಲನವನ್ನು ಕುರಿತು ಪತ್ರಿಕೆಯಲ್ಲಿ ಒಂದು ದೀರ್ಘ ಲೇಖನ ಬರೆದ. ರಷ್ಯದ ಸಾಮಾನ್ಯ ಜನರಲ್ಲಿ ಸಂಕಲ್ಪಶಕ್ತಿಯೇ ಇಲ್ಲವೆನ್ನುತ್ತಿದ್ದ ವಿದ್ಯಾವಂತರಿಗೆ ಅದು ಉತ್ತರವಾಗಿತ್ತು.

ಈ ಹಳ್ಳಿಗರ ಗುರುತನ್ನು ನಾನು ಆ ಕೋಣೆಗಳಲ್ಲಿ ಕಣ್ಣಿನಿಂದ ಅರಸಿದೆ. ಆಗ ಹೊಳೆಯಿತು, ಇದನ್ನು ಅಲ್ಲಿ ಅರಸುವುದೇ ಸಲ್ಲದೆಂದು. ಕುಡಿದವನು ಸೀಸೆಯನ್ನು ಬಿಟ್ಟುಹೋಗುತ್ತಾನೆ, ಬಟ್ಟಲನ್ನು, ಮುದ್ರೆಯನ್ನು, ಬಣ್ಣದ ಚೀಟಿಯನ್ನು ಬಿಟ್ಟುಹೋಗುತ್ತಾನೆ. ಮಾರಿದವನು ಫಲಕವನ್ನು, ಲೆಕ್ಕವನ್ನು ಬಿಟ್ಟುಹೋಗುತ್ತಾನೆ. ಕುಡಿಯದೆ ಇದ್ದವನು ಗಾಜಿನ ಪೆಟ್ಟಿಗೆಯಲ್ಲಿಡಲು ಏನನ್ನು ಬಿಟ್ಟುಹೋದಾನು? ವಸ್ತುಸಂಗ್ರಹಾಲಯದವರನ್ನು ಇದಕ್ಕಾಗಿ ದೂರುವಂತಿಲ್ಲ. ವಸ್ತುವಿಲ್ಲದ್ದನ್ನು ಅವರು ಸಂಗ್ರಹಿಸುವುದೆಂತು? ಅಂಥದು ಉಳಿಯಬೇಕಾದರೆ ಬರಹದಲ್ಲಿಯೇ ಉಳಿಯಬೇಕು.

ಬರೆದ ಒಬ್ಬನು ಇದ್ದ. ಅವನ ಹೆಸರು ಇವಾನ್ ಪ್ರೀಝೊವ್. ಜೀತದಿಂದ ಬಿಡುಗಡೆ ಹೊಂದಿ ಮಾಸ್ಕೋವಿನ ಬಡವರ ಆಸ್ಪತ್ರೆಯೊಂದರಲ್ಲಿ ಸಣ್ಣ ನೌಕರಿಯಲ್ಲಿದ್ದವನ ಮಗ. ಅದೇ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದವನು ಕಾದಂಬರಿಕಾರ ದೊಸ್ತೊಯೆವ್‌ಸ್ಕಿಯ ತಂದೆ. ಪ್ರೀಝೊವ್ ಕಬಾಕುಗಳಲ್ಲಿಯೇ ಕುಳಿತು, ಅಲ್ಲಿನವರೊಡನೆ ಕುಡಿದು, ಅವರ ಮಾತು ಕೇಳಿ, ಹಳೆಯ ದಾಖಲೆಗಳನ್ನು ಓದಿ, 1868ರಲ್ಲಿ 'ರಷ್ಯದಲ್ಲಿ ಕಬಾಕುಗಳ ಇತಿಹಾಸ' ಎಂಬ ಗ್ರಂಥವನ್ನು ಪ್ರಕಟಿಸಿದ. ರೈತರ ಮದ್ಯತ್ಯಾಗದ ಕಥೆ ಅದರಲ್ಲಿದೆ. ಮುಂದೆ ಅವನು ಕ್ರಾಂತಿಕಾರರ ಗುಂಪೊಂದಕ್ಕೆ ಸೇರಿ, ಆ ಗುಂಪಿನವರು ತಮ್ಮವನೇ ಆದ ಒಬ್ಬ ವಿದ್ಯಾರ್ಥಿಯನ್ನು ಕೊಂದ ಪ್ರಕರಣದಲ್ಲಿ ಸಿಕ್ಕಿ, ಕಠಿಣ ಶಿಕ್ಷೆಗೊಳಗಾಗಿ, 1885ರಲ್ಲಿ ಸೈಬೀರಿಯದಲ್ಲಿಯೇ ಸತ್ತ. ದೊಸ್ತೊಯೆವ್‌ಸ್ಕಿ ಆ ಪ್ರಕರಣವನ್ನು ಆಧರಿಸಿ ಕಾದಂಬರಿ ಬರೆದಾಗ ಪ್ರೀಝೊವನೂ ಅದರಲ್ಲಿ ಒಂದು ಸಣ್ಣ, ಅಷ್ಟೇನೂ ಗೌರವವಿಲ್ಲದ ಪಾತ್ರವಾದ. ಒಂದೇ ಆಸ್ಪತ್ರೆಯ ಅಂಗಳದ ಇಬ್ಬರು ಮಕ್ಕಳಲ್ಲಿ ಒಬ್ಬ ಇನ್ನೊಬ್ಬನ ಪಾತ್ರವಾಗುವುದು! ದೊಸ್ತೊಯೆವ್‌ಸ್ಕಿ ಅವನಿಗೆ ನ್ಯಾಯ ಸಲ್ಲಿಸಲಿಲ್ಲವೆಂದೇ ನನ್ನ ಅಭಿಪ್ರಾಯ.

ಆದರೆ ದೊಸ್ತೊಯೆವ್‌ಸ್ಕಿ ಬೇರೊಂದು ಋಣವನ್ನು ತೀರಿಸಿದ್ದಾನೆ. ಗುತ್ತಿಗೆ ಪದ್ಧತಿ 1863ರಲ್ಲಿ ರದ್ದಾಗಿ ಅಬಕಾರಿ ಸುಂಕ ಬಂತು, ವೋಡ್ಕಾ ಅಗ್ಗವಾಯಿತು, ಪೀಟರ್ಸ್‌ಬರ್ಗಿನ ಬೀದಿಗಳಲ್ಲಿ ಪಾನಗೃಹಗಳು ಅಣಬೆಗಳಂತೆ ಎದ್ದವು. ಎರಡೇ ವರ್ಷಕ್ಕೆ, 1865ರಲ್ಲಿ, ಅವನು 'ಕುಡುಕರು' ಎಂಬ ಕಾದಂಬರಿಯೊಂದನ್ನು ಯೋಜಿಸಿದ. ಆ ಯೋಜನೆಯೇ ಮುಂದೆ 'ಅಪರಾಧ ಮತ್ತು ಶಿಕ್ಷೆ'ಯೊಳಗೆ ಕರಗಿ ಮಾರ್ಮೆಲಾದೊವ್ ಎಂಬ ಗುಮಾಸ್ತನ ಕಥೆಯಾಯಿತು. ವಸ್ತುಸಂಗ್ರಹಾಲಯದಿಂದ ಆ ಕಾದಂಬರಿಯ ಓಣಿಗಳಿಗೆ ನಡೆದೇ ಹೋಗಬಹುದು. ಆ ಸಂಜೆ ನಾನು ಹಾಗೆ ನಡೆದುಹೋದೆ. ಅವನು ಆಗ ವಾಸವಾಗಿದ್ದುದು ಬಡಗಿಗಳ ಓಣಿ ಎಂಬಲ್ಲಿನ ಮೂಲೆಮನೆಯಲ್ಲಿ. ಆ ಓಣಿಯಲ್ಲಿದ್ದ ಮನೆಗಳು 16, ಅವುಗಳಲ್ಲಿದ್ದ ಪಾನಗೃಹಗಳು 18 ಎಂದು ಅಂದಿನ ಪತ್ರಿಕೆಯೊಂದು ಎಣಿಸಿ ಬರೆದಿತ್ತು.

ಮಾರ್ಮೆಲಾದೊವ್ ತನ್ನ ಕ್ಷಯಪೀಡಿತ ಹೆಂಡತಿಯ ಕಾಲುಚೀಲಗಳನ್ನೂ ಮಾರಿ ಕುಡಿದವನು. ಪಾದರಕ್ಷೆಯನ್ನಾದರೆ ಲೋಕ ಸ್ವಲ್ಪಮಟ್ಟಿಗೆ ಒಪ್ಪೀತು, ಕಾಲುಚೀಲವನ್ನು ಕುಡಿದೆನಲ್ಲ ಎಂದು ಅವನೇ ಹಲುಬುತ್ತಾನೆ. ಬಹಳ ವರ್ಷಗಳ ಹಿಂದೆ, ಕಾದಂಬರಿ ಪ್ರಕಾರವನ್ನು ಪಾಠ ಮಾಡುವಾಗ, ನಾನು ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದೆ. ಹುಡುಗರು ನಕ್ಕರು, ನಗಬಹುದಾದ ಪ್ರಸಂಗವೇ. ಮಾರನೆಯ ದಿನ ವಿದ್ಯಾರ್ಥಿನಿಯೊಬ್ಬಳು ಅಧ್ಯಾಪಕರ ಕೊಠಡಿಗೆ ಬಂದು ಆ ಪುಸ್ತಕ ಬೇಕೆಂದು ಕೇಳಿದಳು. ನಮ್ಮ ಮನೆಯಲ್ಲಿ ಹೋದದ್ದು ಅಮ್ಮನ ಧಾರೆಸೀರೆ ಸಾರ್, ಎಂದಷ್ಟೇ ಹೇಳಿ ಪುಸ್ತಕವನ್ನು ತೆಗೆದುಕೊಂಡು ಹೋದಳು. ಮದ್ಯವನ್ನು ಕುರಿತು ಆಮೇಲೆ ನಾನು ಎಷ್ಟೋ ಓದಿದ್ದೇನೆ. ಆ ಮಾತಿಗೆ ಸೇರಿಸಬಹುದಾದ್ದು ಅಷ್ಟಾಗಿ ದೊರೆಯಲಿಲ್ಲ.

ಮುಂದಿನ ಕೋಣೆಗಳನ್ನು ಬೇಗ ದಾಟೋಣ. 1890ರ ದಶಕದಲ್ಲಿ ಹಣಕಾಸು ಸಚಿವ ವಿಟ್ಟೆ ಮಾರಾಟವನ್ನೆಲ್ಲ ಸರ್ಕಾರದ ಅಂಗಡಿಗಳಿಗೆ ತಂದ. ಮೊಹರು ಮಾಡಿದ ಸೀಸೆ ಕೊಳ್ಳಬಹುದು, ಅಂಗಡಿಯಲ್ಲಿ ಕುಡಿಯಕೂಡದು ಎಂಬುದು ಅವನ ಸುಧಾರಣೆ. ಜನ ಹೊಸ್ತಿಲ ಹೊರಗೆ ನಿಂತು ಸೀಸೆಯ ಅರಗನ್ನು ಗೋಡೆಗೆ ತಿಕ್ಕಿ ತೆಗೆದು ಬೀದಿಯಲ್ಲೇ ಮುಗಿಸಿದರು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬೊಕ್ಕಸದ ಕಾಲು ಭಾಗಕ್ಕೂ ಹೆಚ್ಚು ಆದಾಯ ಆ ಅಂಗಡಿಗಳದು. 1914ರಲ್ಲಿ ಎರಡನೆಯ ನಿಕೊಲಾಸ್ ಪಾನನಿರೋಧ ತಂದ; ಕ್ರಾಂತಿಯ ನಂತರ ಬಂದವರೂ ಕೆಲಕಾಲ ಅದನ್ನೇ ಮುಂದುವರಿಸಿದರು; 1925ರ ವೇಳೆಗೆ ಅವರಿಗೂ ಹಣದ ತಾಪತ್ರಯ ಬಂದು ನಲವತ್ತರ ವೋಡ್ಕಾ ಸರ್ಕಾರದ ಅಂಗಡಿಗೆ ಮರಳಿತು. ಅರಸೊತ್ತಿಗೆ ಹೋಗಿ ಸಮತಾವಾದ ಬಂದರೂ ಬಕೆಟ್ಟು ಅದೇ ಬೊಕ್ಕಸಕ್ಕೆ ಸುರಿಯುತ್ತಿತ್ತು.

ಯುದ್ಧದ ವಿಷಯ ಬಂದಾಗ ಅದುವರೆಗೆ ಲವಲವಿಕೆಯಿಂದ ವಿವರಿಸುತ್ತಿದ್ದ ಮಾರ್ಗದರ್ಶಿ ಮಹಿಳೆಯ ಧ್ವನಿ ತಗ್ಗಿತು. 1941ರ ಸೆಪ್ಟೆಂಬರಿನಿಂದ ಮುಂಚೂಣಿಯ ಪ್ರತಿ ಸೈನಿಕನಿಗೆ ದಿನಕ್ಕೆ 100 ಗ್ರಾಂ ವೋಡ್ಕಾ ಕೊಡಬೇಕೆಂದು ಆಜ್ಞೆಯಾಯಿತು. ಆ ಚಳಿ, ಆ ಸಾವು, ಆ ನೂರು ಗ್ರಾಂ. ಹೊರಗಿನವನಾದ ನನಗೆ ಇಲ್ಲಿ ತೀರ್ಪು ಹೇಳುವ ಅಧಿಕಾರವಿಲ್ಲ. ಸತ್ತವರನ್ನು ನೆನೆದು ಕುಡಿಯುವಾಗ ರಷ್ಯನ್ನರು ಬಟ್ಟಲಿಗೆ ಬಟ್ಟಲು ತಾಗಿಸುವುದಿಲ್ಲ. ಮೃತನ ಭಾವಚಿತ್ರದ ಮುಂದೆ ಒಂದು ಬಟ್ಟಲು ವೋಡ್ಕಾ ತುಂಬಿ, ಅದರ ಮೇಲೆ ಕಪ್ಪು ರೊಟ್ಟಿಯ ಒಂದು ಚೂರನ್ನು ಮುಚ್ಚಿಡುತ್ತಾರೆ. ಹಿರಿಯರಿಗೆ ಎಡೆಯಿಡುವ ಜನರಾದ ನಮಗೆ ಆ ಬಟ್ಟಲಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

1985ರ ಮೇ ತಿಂಗಳಲ್ಲಿ ಗೊರ್ಬಚೇವ್ ಮದ್ಯದ ಮೇಲೆ ಸಮರ ಸಾರಿದ್ದು ನಮ್ಮ ಪೀಳಿಗೆಯವರಿಗೆ ನೆನಪಿರಬಹುದು. ಅಂಗಡಿಗಳ ಮುಂದೆ ಮೈಲುದ್ದ ಸಾಲು, ದಕ್ಷಿಣದಲ್ಲಿ ಕಡಿದುಹಾಕಿದ ದ್ರಾಕ್ಷಿತೋಟಗಳು, ಮನೆಮನೆಯಲ್ಲಿ ಕಳ್ಳಭಟ್ಟಿ, ಅದರಿಂದಾಗಿ ಪೇಟೆಯಲ್ಲಿ ಸಕ್ಕರೆಯ ಬರ. ಪಕ್ಷದ ಪ್ರಧಾನ ಕಾರ್ಯದರ್ಶಿಯನ್ನು ಜನ 'ಮಿನರಲ್ ಕಾರ್ಯದರ್ಶಿ' ಎಂದು, ಖನಿಜ ಜಲದ ಕಾರ್ಯದರ್ಶಿ ಎಂಬರ್ಥದಲ್ಲಿ, ಗೇಲಿ ಮಾಡಿದರು. ಗೇಲಿ ಮಾಡಲು ಕಾರಣಗಳಿದ್ದವು. ಆದರೂ ಒಂದು ಅಂಕಿಯನ್ನು ಹೇಳಲೇಬೇಕು. 1987ರ ಹೊತ್ತಿಗೆ ಅಲ್ಲಿನ ಗಂಡಸರ ಸರಾಸರಿ ಆಯುಷ್ಯ ಸುಮಾರು 65 ವರ್ಷಕ್ಕೆ ಏರಿತ್ತು. ಆಂದೋಲನ ಬಿದ್ದುಹೋಗಿ, ದೇಶವೂ ಒಡೆದು, ಅಗ್ಗದ ಮದ್ಯ ಹೊಳೆಯಾಗಿ ಹರಿದ ಮೇಲೆ 1994ರಲ್ಲಿ ಅದು 58ಕ್ಕೂ ಕೆಳಗೆ ಇಳಿಯಿತು. ಬಡತನ, ದಿಕ್ಕೇಡಿತನಗಳೂ ಸೇರಿಕೊಂಡಿದ್ದವು, ನಿಜ. ಆದರೆ ಮದ್ಯದ ಪಾಲು ಸಣ್ಣದಲ್ಲವೆಂದು ತಿಳಿದವರು ಹೇಳುತ್ತಾರೆ. 2003ರಿಂದ 2016ರ ನಡುವೆ ತಲಾ ಮದ್ಯ ಸೇವನೆ ಶೇಕಡಾ 43ರಷ್ಟು ಇಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವರದಿ ಮಾಡಿತು. ಗಂಡಸರ ಆಯುಷ್ಯ ಆ ವೇಳೆಗೆ 68ನ್ನು ಮುಟ್ಟಿತ್ತು. ಇದೂ ಗಾಜಿನ ಪೆಟ್ಟಿಗೆಯಲ್ಲಿಡಲಾಗದ ಸಂಗತಿಯೇ: ಸಾಯದೆ ಉಳಿದವರು.

ಕೊನೆಯ ಕೋಣೆಯಲ್ಲಿ ತಟ್ಟೆಗಳು ಬಂದವು. ಮೂರು ಪುಟ್ಟ ಬಟ್ಟಲುಗಳಲ್ಲಿ ಮೂರು ಬಗೆಯ ವೋಡ್ಕಾ, ಜೊತೆಗೆ ಉಪ್ಪಿನಲ್ಲಿ ನೆನೆದ ಸೌತೆ, ಕಪ್ಪು ರೊಟ್ಟಿ, ಮೀನು. ನಾನು ಸೌತೆಯನ್ನೂ ರೊಟ್ಟಿಯನ್ನೂ ತಿಂದೆ. ಎರಡೂ ಬಹಳ ರುಚಿಯಾಗಿದ್ದವು. ನನ್ನ ಮೂರು ಬಟ್ಟಲುಗಳಿಗೆ ಅಭ್ಯರ್ಥಿಗಳ ಕೊರತೆಯಾಗಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಪ್ರಿಯವಾಗಬಹುದಾದ ಒಂದು ಸಂಗತಿ ಉಳಿದಿದೆ. ವೆನೆದಿಕ್ತ್ ಯೆರೊಫೇಯೆವ್ ಎಂಬಾತ 1970ರ ಸುಮಾರಿನಲ್ಲಿ 'ಮಾಸ್ಕೋ-ಪೆತುಷ್ಕಿ' ಎಂಬ ಗದ್ಯಕಾವ್ಯವನ್ನು ಬರೆದ. ಕುಡುಕನೊಬ್ಬ ತನ್ನ ಪ್ರಿಯೆಯ ಊರಿಗೆ ರೈಲು ಹತ್ತಿ, ದಾರಿಯುದ್ದಕ್ಕೂ ಕುಡಿಯುತ್ತ, ತತ್ತ್ವ ಹೇಳುತ್ತ, ಆ ಊರನ್ನು ಎಂದಿಗೂ ತಲುಪದೆ ಹೋಗುವ ಕಥೆ ಅದು. ನಗಿಸುತ್ತ ನಗಿಸುತ್ತ ಎದೆ ಬಿರಿಯುವಂತೆ ಮಾಡುವ ಕೃತಿ. ಅದನ್ನು ಅಚ್ಚುಮಾಡಲು ಸೋವಿಯತ್ ದೇಶದಲ್ಲಿ ಯಾರೂ ಮುಂದೆ ಬರಲಿಲ್ಲ. ಕೈಬರಹದಲ್ಲಿ, ಬೆರಳಚ್ಚಿನಲ್ಲಿ ಗುಟ್ಟಾಗಿ ಕೈಯಿಂದ ಕೈಗೆ ದಾಟಿತು. ಕಡೆಗೆ 1988-89ರಲ್ಲಿ ಒಂದು ಮಾಸಪತ್ರಿಕೆ ಅದನ್ನು, ಅಲ್ಲಲ್ಲಿ ಕತ್ತರಿಸಿ, ಕಂತುಕಂತಾಗಿ ಪ್ರಕಟಿಸಿತು. ಗೊರ್ಬಚೇವರ ಆಂದೋಲನಕ್ಕಾಗಿ ಹುಟ್ಟಿಕೊಂಡಿದ್ದ ಆ ಪತ್ರಿಕೆಯ ಹೆಸರು 'ಮದ್ಯಸಂಯಮ ಮತ್ತು ಸಂಸ್ಕೃತಿ'. ಲೇಖಕ ಅದನ್ನು ಕಣ್ಣಾರೆ ಕಂಡ. ಆ ಹೊತ್ತಿಗೆ ಗಂಟಲಿನ ಕ್ಯಾನ್ಸರಿನಿಂದ ಅವನ ಧ್ವನಿ ಹೋಗಿತ್ತು. ಯಂತ್ರವೊಂದನ್ನು ಕೊರಳಿಗೆ ಒತ್ತಿಹಿಡಿದು ಮಾತನಾಡುತ್ತಿದ್ದ. 1990ರ ಮೇ ತಿಂಗಳಲ್ಲಿ ತೀರಿಕೊಂಡ.